ಓಎಸ್ ಅಪ್‌ಗ್ರೇಡ್ ಆದಮೇಲೆ ಸಿಂಕ್ ನಿಲ್ಲಿಸಿದ ಕ್ಯಾಲೆಂಡರ್: ಸರಿಯಾಗಿದ್ದು ಹೀಗೆ

ಕಂಪ್ಯೂಟರಿನ ಓಎಸ್ (ಆಪರೇಟಿಂಗ್ ಸಿಸ್ಟಂ) ಅಪ್‌ಗ್ರೇಡ್ ಆದಮೇಲೆ ಅದರ ಕ್ಯಾಲೆಂಡರ್ ಆ್ಯಪ್‌ನಲ್ಲಿ ಹಳೆಯ ಎಂಟ್ರಿಗಳೆಲ್ಲ ಕಾಣುತ್ತಿದ್ದವು, ಹೊಸವು ಮಾತ್ರ ಫೋನಿಗೆ ಹೋಗುತ್ತಿರಲಿಲ್ಲ. ಇಂಥಲ್ಲಿ ಮೊದಲು ನೋಡಬೇಕಾದ್ದು ಎರರ್ ಸಂಖ್ಯೆ. 401 ಬಂದರೆ ಪಾಸ್‌ವರ್ಡ್ ಅಥವಾ ಟೋಕನ್ (ಸೈನ್ ಇನ್ ಆದಾಗ ಆ್ಯಪ್‌ಗೆ ಸಿಗುವ ಡಿಜಿಟಲ್ ಗುರುತು) ತೊಂದರೆ. ಮತ್ತೆ ಸೈನ್ ಇನ್ ಆದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಇಲ್ಲಿ ಬರುತ್ತಿದ್ದುದು 412. ಅಂದರೆ ಕಂಪ್ಯೂಟರಿನಲ್ಲಿರುವ ಎಂಟ್ರಿಯ ಪ್ರತಿಯ ಇಟ್ಯಾಗ್ (ಅದು ಯಾವ ಆವೃತ್ತಿ ಎಂದು ಹೇಳುವ ಗುರುತು) ಸರ್ವರಿನದಕ್ಕೆ ತಾಳೆಯಾಗುತ್ತಿಲ್ಲ. ಸರ್ವರ್ ಆ ಬದಲಾವಣೆಯನ್ನು ತಿರಸ್ಕರಿಸುತ್ತದೆ, ಆ್ಯಪ್ ಅದನ್ನೇ ಮತ್ತೆ ಮತ್ತೆ ಕಳಿಸುತ್ತದೆ, ಅದರ ಹಿಂದೆ ಕಾದಿರುವುದೆಲ್ಲ ಅಲ್ಲೇ ನಿಂತುಬಿಡುತ್ತದೆ. ರಿಫ್ರೆಶ್ ಒತ್ತುತ್ತ ಕೂತು ಪ್ರಯೋಜನವಿಲ್ಲ.

ಮೊದಲು ಕ್ಯಾಲೆಂಡರನ್ನು ಐಸಿಎಸ್ ಫೈಲಾಗಿ (ಎಂಟ್ರಿಗಳನ್ನು ಉಳಿಸಿಡುವ ಕ್ಯಾಲೆಂಡರ್ ಫೈಲ್) ಎಕ್ಸ್‌ಪೋರ್ಟ್ ಮಾಡಿಟ್ಟೆ. ಈ ಹೆಜ್ಜೆ ಬಿಟ್ಟರೆ ಸರ್ವರ್ ಸೇರದ ಎಂಟ್ರಿಗಳು ಹೋದವೆಂದೇ ಲೆಕ್ಕ. ಆಮೇಲೆ ಅಕೌಂಟ್ ತೆಗೆದು, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ, ಮತ್ತೆ ಸೇರಿಸಿದೆ. ಎರಡು ಹಂತದ ಭದ್ರತೆ ಇರುವ ಕ್ಯಾಲ್‌ಡ್ಯಾವ್ (ಸರ್ವರ್ ಜೊತೆ ಕ್ಯಾಲೆಂಡರ್ ಸಿಂಕ್ ಮಾಡುವ ಒಂದು ವಿಧಾನ) ಅಕೌಂಟಾದರೆ ಮಾಮೂಲಿ ಪಾಸ್‌ವರ್ಡ್ ಬದಲು ಆ್ಯಪ್ ಪಾಸ್‌ವರ್ಡ್ (ಆ ಆ್ಯಪ್‌ಗೆಂದೇ ಪ್ರತ್ಯೇಕವಾಗಿ ಮಾಡಿಕೊಳ್ಳುವ ಪಾಸ್‌ವರ್ಡ್) ಬೇಕಾಗಬಹುದು. ಲೋಕಲ್ ಕ್ಯಾಶ್ (ಕಂಪ್ಯೂಟರಿನಲ್ಲಿ ಉಳಿಯುವ ನಕಲು) ಹೊಸದಾಗಿ ತುಂಬಿಕೊಂಡ ಮೇಲೆ ಸಿಂಕ್ ಶುರುವಾಯಿತು.

ಐಸಿಎಸ್ ಫೈಲನ್ನು ಅದೇ ಕ್ಯಾಲೆಂಡರಿಗೆ ಇಡಿಯಾಗಿ ಸುರಿಯಬೇಡಿ, ಡೂಪ್ಲಿಕೇಟ್‌ಗಳು ಸೇರಿಕೊಳ್ಳಬಹುದು. ಖಾಲಿ ಲೋಕಲ್ ಕ್ಯಾಲೆಂಡರ್ ಒಂದಕ್ಕೆ ಇಂಪೋರ್ಟ್ ಮಾಡಿ, ಬಿಟ್ಟುಹೋದವನ್ನಷ್ಟೇ ಆರಿಸಿ ನಕಲು ಮಾಡಿ. ಎಂಟ್ರಿಗಳು ಬಂದು ಸಮಯ ಮಾತ್ರ ಹಿಂದುಮುಂದಾಗಿದ್ದರೆ ಟೈಮ್ ಝೋನ್ ಸೆಟ್ಟಿಂಗ್ ನೋಡಿ, ಅದು ಸಿಂಕ್ ತೊಂದರೆಯೇ ಅಲ್ಲ.