ಕಲಬುರಗಿಯಲ್ಲಿ ಟೀ ಶರ್ಟ್ ವ್ಯಾಪಾರ: ಮೊದಲ ಮೂವತ್ತರಿಂದ ಮುಂದಕ್ಕೆ

ಪ್ರಿಂಟೆಡ್ ಟೀ ಶರ್ಟ್ ಮಾರಬೇಕು ಅಂತಿದ್ದರೆ ಮೊದಲು ಒಂದು ಆಸೆ ಬಿಡಿ. ಹೀರೋ ಫೋಟೊ ಹಾಕಿ ಬೇಗ ದುಡ್ಡು ಮಾಡುವ ಆಸೆ. ಪೋಸ್ಟರ್, ಲೋಗೊ, ಕಾರ್ಟೂನ್ ಪಾತ್ರ, ಎಲ್ಲದಕ್ಕೂ ಹಕ್ಕುದಾರರು ಇರುತ್ತಾರೆ. 1957ರ ಕಾಪಿರೈಟ್ ಕಾಯ್ದೆ ಹತ್ತು ಪೀಸ್ ಮಾಡಿದವರಿಗೂ ಅನ್ವಯಿಸುತ್ತದೆ.

ನಮ್ಮ ಮಾತೇ ನಮ್ಮ ಬಂಡವಾಳ. 'ಎಪ್ಪಾ, ಏನ್ ಬಿಸ್ಲಪಾ' ಅಂತ ಬರೆದ ನನ್ನ ಶರ್ಟ್ ಹೋದಷ್ಟು ಬೇರೆ ಯಾವುದೂ ಹೋಗಿಲ್ಲ. ಬೆಂಗಳೂರಿಗೆ ಓದಲು ಹೋದ ಹುಡುಗರು ಅಲ್ಲಿಂದಲೇ ಮೆಸೇಜ್ ಮಾಡಿ ತರಿಸಿಕೊಂಡರು. ತೊಗರಿ ಬೇಳೆ, ಕೋಟೆಯ ತೋಪು (ಫಿರಂಗಿ), ಖಡಕ್ ರೊಟ್ಟಿ, ಇವನ್ನೇ ಕಾಮಿಕ್ಸ್ ತರಹ ಬಿಡಿಸಿ ನೋಡಿ.

ಇನ್ನು ಕನ್ನಡ ಅಕ್ಷರ. ನನಗೆ ಪೆಟ್ಟು ಬಿದ್ದದ್ದು ಇಲ್ಲೇ. ಮೊದಲ 30 ಶರ್ಟ್ ಪ್ರಿಂಟಾಗಿ ಬಂದಾಗ 'ಎಪ್ಪಾ'ದ ಒತ್ತು ಕೆಳಗೆ ಕೂರದೆ ಪಕ್ಕಕ್ಕೆ ಜಾರಿ 'ಎಪ್‌ಪಾ' ಅಂತ ಆಗಿತ್ತು, ಯಾಕಂದರೆ ಪ್ರಿಂಟ್ ಮಾಡುವವರ ಕಂಪ್ಯೂಟರಿನಲ್ಲಿ ನನ್ನ ಫಾಂಟೇ ಇರಲಿಲ್ಲ. ಒಂದೂ ಮಾರಲಿಲ್ಲ, ಮನಸ್ಸು ಬರಲಿಲ್ಲ. ಆದ್ದರಿಂದ ಫೈಲ್ ಕಳಿಸುವ ಮುಂಚೆ ಅಕ್ಷರಗಳನ್ನು ಔಟ್‌ಲೈನ್ ಮಾಡಿ, ಅಂದರೆ ಫಾಂಟ್ ಬೇಕಾಗದ ಹಾಗೆ ಆಕಾರಗಳಾಗಿ ಬದಲಿಸಿ, ಇಲ್ಲವೇ 300 ಡಿಪಿಐ (ಇಂಚಿಗೆ 300 ಚುಕ್ಕಿ) ಇರುವ ಪಿಎನ್‌ಜಿ ಚಿತ್ರ ಕೊಡಿ. ಪ್ರಿಂಟ್ ಆದ ಮೊದಲ ಪೀಸನ್ನು ಮನೆಯಲ್ಲಿ ಯಾರಾದರೂ ಜೋರಾಗಿ ಓದಲಿ. ಆಮೇಲೆ ಉಳಿದದ್ದು.

ಬಟ್ಟೆ ತಿರುಪ್ಪೂರಿನದ್ದು ತರಿಸಿ, 180 ಜಿಎಸ್‌ಎಂ (ಒಂದು ಚದರ ಮೀಟರ್ ಬಟ್ಟೆಯ ತೂಕ ಗ್ರಾಂನಲ್ಲಿ), ಬಯೋ ವಾಶ್ ಮಾಡಿದ, ಅಂದರೆ ಮೇಲಿನ ಸಣ್ಣ ಎಳೆ ತೆಗೆದು ನುಣುಪು ಮಾಡಿದ ಹತ್ತಿ. ಹುಡುಗರು 240ರ ದಪ್ಪ ಓವರ್‌ಸೈಜ್ ಕೇಳುತ್ತಾರೆ, ಆದರೆ ಮೇ ತಿಂಗಳ ನಮ್ಮ ಬಿಸಿಲಿಗೆ ಅದು ಮೈಮೇಲೆ ನಿಲ್ಲುವುದಿಲ್ಲ. ಅದನ್ನು ಚಳಿಗಾಲಕ್ಕೆ ಇಡಿ.

ಕಡಿಮೆ ಪೀಸ್ ಇದ್ದರೆ ಡಿಟಿಎಫ್, ಅಂದರೆ ಫಿಲ್ಮ್ ಮೇಲೆ ಪ್ರಿಂಟ್ ಮಾಡಿ ಬಿಸಿ ಒತ್ತಿ ಬಟ್ಟೆಗೆ ಅಂಟಿಸುವುದು. ಒಂದೇ ಡಿಸೈನ್ 50 ದಾಟಿದರೆ ಸ್ಕ್ರೀನ್ ಪ್ರಿಂಟ್ (ಜಾಲರಿ ಚೌಕಟ್ಟಿನ ಮೂಲಕ ಬಣ್ಣ ಒತ್ತುವುದು) ಬೆಲೆ ಕೇಳಿ. ಅದರಲ್ಲಿ ಬಣ್ಣಕ್ಕೊಂದು ಸ್ಕ್ರೀನ್ ಬೇಕಾಗುವುದರಿಂದ ಎರಡು ಬಣ್ಣದ ಡಿಸೈನ್ ಆದರೆ ಲಾಭ. ಯಾವುದೇ ಇರಲಿ, ಒಂದು ಶರ್ಟನ್ನು ನೀವೇ ಐದು ಸಲ ಒಗೆಯಿರಿ, ಕಲ್ಲಿಗೆ ಉಜ್ಜಿಯೇ ಒಗೆಯಿರಿ, ನಮ್ಮ ಮನೆಗಳಲ್ಲಿ ಹಾಗೇ ಅಲ್ವಾ ಒಗೆಯೋದು. ಡಿಟಿಎಫ್ ಪ್ರಿಂಟಿನ ಅಂಚು ಎದ್ದರೆ ಬಿಸಿ ಅಥವಾ ಒತ್ತಡ ಸಾಲದಾಗಿದೆ ಅಂತ. ವಾಪಸ್ ಕೊಡಿ, ಸುಮ್ನೆ ಇರಬೇಡಿ.

ಲೆಕ್ಕ ಹೀಗೆ ಹಾಕಿ. ಬಟ್ಟೆ 160, ಪ್ರಿಂಟ್ 70, ಕವರ್ ಮತ್ತು ಕೊರಿಯರ್ 60 ಅಂದುಕೊಳ್ಳಿ. ಹತ್ತರಲ್ಲಿ ಒಂದು ಹಾಳಾಗುತ್ತದೆ ಅಂತಲೂ ಸೇರಿಸಿ. 299ಕ್ಕೆ ಮಾರಿದರೆ ಕೈಗೆ ಏನೂ ಸಿಗುವುದಿಲ್ಲ. 449 ಹೇಳಲು ನಾಚಿಕೆ ಬೇಡ.

ಜಿಎಸ್‌ಟಿ ನಮ್ಮ ಜಿಲ್ಲೆಯವರು ಜಾಸ್ತಿ ಗಮನಿಸಬೇಕು. ರಾಜ್ಯದೊಳಗೆ ನೇರವಾಗಿ ಮಾರಿದರೆ ವರ್ಷಕ್ಕೆ 40 ಲಕ್ಷದ ವಹಿವಾಟಿನವರೆಗೆ ನೋಂದಣಿ ಬೇಕಿಲ್ಲ. ಆದರೆ ಪಕ್ಕದ ಸೊಲ್ಲಾಪುರಕ್ಕೋ ಹೈದರಾಬಾದಿಗೋ ಒಂದು ಶರ್ಟ್ ಮಾರಿದರೂ ನೋಂದಣಿ ಬೇಕು. 2,500 ರೂಪಾಯಿವರೆಗಿನ ಬಟ್ಟೆಗೆ ತೆರಿಗೆ 5%.

ಹೋಳಿ ಮುಗಿದ ಮೇಲೆ ಶರಣಬಸವೇಶ್ವರ ಜಾತ್ರೆ, ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವ, ನವೆಂಬರ್ 1. ಇವಕ್ಕೆ ಒಂದೂವರೆ ತಿಂಗಳ ಮುಂಚೆ ಡಿಸೈನ್ ಸಿದ್ಧ ಇರಲಿ. ಕಾಲೇಜು ಫೆಸ್ಟ್ ಆರ್ಡರಿಗೆ ಅರ್ಧ ದುಡ್ಡು ಮುಂಗಡ ತೆಗೆದುಕೊಳ್ಳಿ, ಪರಿಚಯದವರಾದರೂ ಸರಿ. ಯಾವ ಸೈಜ್ ಎಷ್ಟು ಹೋಯಿತು ಅಂತ ನೋಟ್‌ಬುಕ್ಕಿನಲ್ಲಿ ಬರೆದಿಡಿ. ನನ್ನದರಲ್ಲಿ ಎಂ ಮತ್ತು ಎಲ್ ಸೇರಿ ಮೂರನೇ ಎರಡು ಭಾಗ, ಈಗ ಅದೇ ಲೆಕ್ಕದಲ್ಲೇ ಮಾಲು ತರಿಸುತ್ತೇನೆ.