ತೋಟದ ಪೈಪಿಗೂ ನೆರಳು ಬೇಕು

ಗಿಡಕ್ಕೆ ನೀರು ಬಿಡುವ ಪೈಪನ್ನು ಎರಡು ವರ್ಷಕ್ಕೊಮ್ಮೆ ಬಿಸಾಕಿ ಹೊಸದು ತರುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ನನ್ನ ಕಪ್ಪು ರಬ್ಬರ್ ಪೈಪಿಗೆ ಈಗ 14 ವರ್ಷ. ನಡುವೆ ಒಂದು ಜಾಯಿಂಟ್ ಬಿದ್ದಿದೆ, ವಾಷರ್ ಎಷ್ಟು ಸಲ ಬದಲಾಯಿಸಿದೆನೋ ಲೆಕ್ಕವಿಲ್ಲ. ಆದರೂ ದಿನವೂ ದುಡಿಯುತ್ತಿದೆ. ಅದರ ಜೊತೆಗೇ ತಂದ ಹಸಿರು ಪ್ಲಾಸ್ಟಿಕ್ ಪೈಪು ಮೂರನೇ ಬೇಸಿಗೆ ದಾಟಲಿಲ್ಲ. ಅದರಲ್ಲಿ ನನ್ನ ತಪ್ಪೂ ಇದೆ. ಪಾಪ, ಹೊಟ್ಟೆ ತುಂಬ ನೀರು ತುಂಬಿಕೊಂಡು ಇಡೀ ದಿನ ಬಿಸಿಲಲ್ಲೇ ಬಿದ್ದಿರುತ್ತಿತ್ತು.

ಇಂಥ ಪ್ಲಾಸ್ಟಿಕ್ ಪೈಪು ಸಾಮಾನ್ಯವಾಗಿ ಪಿವಿಸಿ ಅನ್ನುವ ಪ್ಲಾಸ್ಟಿಕ್ಕಿನದು. ಪಿವಿಸಿ ಹುಟ್ಟಿನಿಂದ ಗಟ್ಟಿ ವಸ್ತು. ಮನೆಗೆ ನೀರು ತರುವ ಗಟ್ಟಿ ಪೈಪುಗಳಲ್ಲೂ ಇರುವುದು ಅದೇ. ತೋಟದ ಪೈಪು ಬಾಗಬೇಕಲ್ಲ, ಅದಕ್ಕೆ ಎಣ್ಣೆಯಂಥ ಒಂದು ಪದಾರ್ಥ ಬೆರೆಸಿ ಮೆದು ಮಾಡಿರುತ್ತಾರೆ. ಬಿಸಿಲಿಗೆ, ಕಾವಿಗೆ ಅದು ಸ್ವಲ್ಪಸ್ವಲ್ಪವಾಗಿ ಹೊರಗೆ ಬರುತ್ತದೆ. ಹಳೇ ಪೈಪು ಕೆಲವೊಮ್ಮೆ ಕೈಗೆ ಅಂಟಂಟಾಗಿ ಹತ್ತುವುದು ಇದರಿಂದಲೇ. ಎಣ್ಣೆ ಹೋದ ಹಾಗೆಲ್ಲ ಪೈಪು ಸೆಟೆದುಕೊಳ್ಳುತ್ತದೆ, ಆಮೇಲೆ ಬಿರುಕು. ರಬ್ಬರಿಗೂ ಬಿಸಿಲು ಆಗಿಬರುವುದಿಲ್ಲ. ಆದರೆ ಕಪ್ಪು ರಬ್ಬರಿನಲ್ಲಿ ಮಸಿಯಂಥ ಇಂಗಾಲದ ಪುಡಿ ಸೇರಿರುತ್ತದೆ, ಅದು ಬಿಸಿಲಿನ ಹೊಡೆತವನ್ನು ತಾನೇ ತಡೆದುಕೊಳ್ಳುತ್ತದೆ. ಹಾಗಾಗಿ ಭಾರ ಜಾಸ್ತಿಯಾದರೂ ನಾನು ರಬ್ಬರನ್ನೇ ಹಿಡಿದೆ. ನಿಮಗೆ ಎಳೆದಾಡಲು ಆಗದಿದ್ದರೆ ಒಳಗೆ ನೂಲಿನ ಬಲೆ ಕಾಣುವ ಪ್ಲಾಸ್ಟಿಕ್ ಪೈಪು ತನ್ನಿ. ಬರೀ ತೆಳ್ಳಗಿನದು ಬೇಡ. ಪಾರದರ್ಶಕ ಪೈಪೂ ಬೇಡ, ಒಳಗೆ ಬೆಳಕು ಬಿದ್ದು ಪಾಚಿ ಕಟ್ಟುತ್ತದೆ.

ನೀರು ಬಿಟ್ಟು ಮುಗಿದ ಮೇಲೆ ನಾವು ಮಾಡುವುದೇನು? ಪೈಪಿನ ತುದಿಯಲ್ಲಿ ನೀರು ಚಿಮ್ಮಿಸುವ ಗನ್ ಇರುತ್ತದಲ್ಲ, ಅದನ್ನು ಒತ್ತುವುದು ನಿಲ್ಲಿಸಿ ಸುಮ್ನೆ ಒಳಗೆ ಹೋಗುತ್ತೇವೆ. ನಲ್ಲಿ ತೆರೆದೇ ಇರುತ್ತದೆ. ಪೈಪಿನೊಳಗೆ ರಾತ್ರಿಯಿಡೀ ಒತ್ತಡ. ಎಲ್ಲಿ ಬಲ ಕಡಿಮೆಯೋ ಅಲ್ಲಿ ಊದಿಕೊಂಡು ಒಂದು ದಿನ ಒಡೆಯುತ್ತದೆ. ಮೊದಲು ನಲ್ಲಿ ನಿಲ್ಲಿಸಿ, ಆಮೇಲೆ ಗನ್ ಒತ್ತಿ ಒಳಗಿನ ನೀರನ್ನು ಬಿಟ್ಟುಬಿಡಿ. ನಂತರ ಪೈಪನ್ನು ಹೆಗಲ ಮೇಲೆ ಹಾಕಿಕೊಂಡು ನಲ್ಲಿಯ ಕಡೆಯಿಂದ ತುದಿಯವರೆಗೆ ನಡೆಯಿರಿ. ನೀವು ಮುಂದೆ ಹೋದ ಹಾಗೆ ಉಳಿದ ನೀರೆಲ್ಲ ಆ ಕಡೆಗೆ ಸುರಿದುಹೋಗುತ್ತದೆ. ಎರಡು ನಿಮಿಷದ ಕೆಲಸ ಅಷ್ಟೇ. ಹಿಮ ಬೀಳುವ ಕಡೆ ಇರುವವರಿಗಂತೂ ಇದು ಕಡ್ಡಾಯ. ನೀರು ಹೆಪ್ಪುಗಟ್ಟುವಾಗ ಸುಮಾರು 9 ಶೇಕಡಾ ಹಿಗ್ಗುತ್ತದೆ, ಪೈಪನ್ನು ಸೀಳಲು ಅಷ್ಟು ಸಾಕು.

ಇನ್ನೊಂದು ಮಾತು. ಬಿಸಿಲಲ್ಲಿ ಬಿದ್ದ ಪೈಪಿನ ಮೊದಲ ನೀರು ಮೈ ಸುಡುವಷ್ಟು ಬಿಸಿಯಿರುತ್ತದೆ. ಮಕ್ಕಳ ಕೈಗೆ ಕೊಡುವ ಮೊದಲು ಅದನ್ನು ನೆಲಕ್ಕೆ ಬಿಡಿ, ಎಳೆ ಗಿಡದ ಬುಡಕ್ಕೂ ಬೇಡ. ಪೈಪಿನ ನೀರು ಕುಡಿಯುವ ಅಭ್ಯಾಸವೂ ಒಳ್ಳೆಯದಲ್ಲ.

ಸುತ್ತಿಡುವಾಗ ಬಿಗಿಯಾಗಿ ಸುತ್ತಬೇಡಿ. ದೊಡ್ಡ ದೊಡ್ಡ ಸುರುಳಿ ಮಾಡಿ. ಅದು ತಾನಾಗಿ ಯಾವ ಕಡೆ ಬಾಗುತ್ತದೋ ಆ ಕಡೆಗೇ ಸುತ್ತಿ, ಹಟ ಹಿಡಿಯಬೇಡಿ. ಒಮ್ಮೆ ಮಡಚಿದ ಜಾಗ ಮತ್ತೆ ಅಲ್ಲೇ ಮಡಚುತ್ತದೆ, ಕೊನೆಗೆ ಅಲ್ಲೇ ಸೀಳುತ್ತದೆ. ಮೊಳೆಗೆ ನೇತು ಹಾಕುವುದಂತೂ ಬೇಡವೇ ಬೇಡ. ಇಡೀ ಪೈಪಿನ ಭಾರ ಒಂದೇ ಕಡೆ ಬೀಳುತ್ತದೆ. ನಾನು ತಳ ಒಡೆದ ಬಕೆಟ್ ಒಂದನ್ನು ಅಡ್ಡವಾಗಿ ಗೋಡೆಗೆ ಬಡಿದು ಅದರ ಮೇಲೆ ಸುತ್ತುತ್ತೇನೆ. ನೋಡಲು ಚೆನ್ನಾಗಿಲ್ಲ ಅಂತ ಮನೆಯವರ ಗೊಣಗಾಟ ಇದ್ದೇ ಇದೆ. ಆದರೆ ಗನ್, ಕ್ಲಿಪ್ಪು, ಸ್ಕ್ರೂಡ್ರೈವರ್ ಎಲ್ಲ ಬಕೆಟ್ಟಿನ ಹೊಟ್ಟೆಯಲ್ಲೇ ಇರುತ್ತವೆ, ಹುಡುಕುವ ಕಷ್ಟವಿಲ್ಲ.

ನಲ್ಲಿಯ ಹತ್ತಿರ ಸೋರಿದರೆ ಪೈಪನ್ನು ಬೈಯಬೇಡಿ. ಹೆಚ್ಚಿನ ಸಲ ಒಳಗಿನ ವಾಷರ್ ಗಟ್ಟಿಯಾಗಿರುತ್ತದೆ ಅಷ್ಟೇ. ಇಕ್ಕಳ ಹಾಕಿ ಇನ್ನೂ ಬಿಗಿ ಮಾಡಿದರೆ ನಲ್ಲಿಯ ತಿರುಪಿನ ಗೆರೆ ಸವೆಯುತ್ತದೆ. ನಡುವೆ ತೂತಾದರೆ ಟೇಪು ಸುತ್ತಿ ಪ್ರಯೋಜನವಿಲ್ಲ, ಒತ್ತಡಕ್ಕೆ ನಿಲ್ಲುವುದಿಲ್ಲ. ಕೆಟ್ಟ ಭಾಗವನ್ನು ಚೂಪಾದ ಚಾಕುವಿನಿಂದ ನೇರವಾಗಿ ಕತ್ತರಿಸಿ, ಎರಡೂ ತುದಿಗಳನ್ನು ಬಿಸಿನೀರಿನಲ್ಲಿ ಒಂದು ನಿಮಿಷ ಅದ್ದಿ. ಮೆದುವಾದ ಕೂಡಲೇ ಜಾಯಿಂಟ್ ತುರುಕಿ, ಎರಡೂ ಕಡೆ ಕ್ಲಿಪ್ಪು ಬಿಗಿಯಿರಿ. ಜಾಯಿಂಟ್ ಕೊಳ್ಳುವಾಗ ಪೈಪಿನ ಒಳ ಅಳತೆ ನೋಡಿ, ಸಾಮಾನ್ಯವಾಗಿ ಅರ್ಧ ಇಂಚು ಇಲ್ಲವೇ ಮುಕ್ಕಾಲು ಇಂಚು ಇರುತ್ತದೆ. ನಾನು ಒಮ್ಮೆ ಅಂದಾಜಿನ ಮೇಲೆ ತಂದು ಮತ್ತೆ ಅಂಗಡಿಗೆ ನಡೆದೆ.

ಮೈಯೆಲ್ಲ ಬಿರುಕು ಬಿಟ್ಟ ಪೈಪಿಗೆ ತೇಪೆ ಹಾಕುತ್ತಾ ಕೂರಬೇಡಿ. ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ಬಾಯಿ ಬಿಡುತ್ತದೆ. ಅದನ್ನು ಗೇಣುದ್ದ ತುಂಡು ಮಾಡಿ ಉದ್ದಕ್ಕೆ ಸೀಳಿ. ಒಂದು ತುಂಡು ಬಕೆಟ್ಟಿನ ತಂತಿ ಹಿಡಿಕೆಗೆ ಹಾಕಿದರೆ ಕೈ ಕೊರೆಯುವುದಿಲ್ಲ. ಇನ್ನೊಂದು ಗರಗಸದ ಹಲ್ಲಿಗೆ. ಉಳಿದದ್ದು ಎಳೆ ಗಿಡವನ್ನು ಕೋಲಿಗೆ ಕಟ್ಟುವಾಗ ಹಗ್ಗದ ಕೆಳಗೆ ಇಡಲು, ಕಾಂಡದ ಸಿಪ್ಪೆ ತರಚದ ಹಾಗೆ.