ಕಯಾಕ್‌ನಲ್ಲಿ ಒಂದು ಈರುಳ್ಳಿ ಚೀಲ: ಹೊಳೆಯ ಕಸ ಹೆಕ್ಕುವುದು ಹೀಗೆ

ಮಳೆಗಾಲ ಮುಗಿದು ಶಾಂಭವಿ ಹೊಳೆಯ ಕೆಂಪು ನೀರು ತಿಳಿಯಾಗುತ್ತಿದ್ದಂತೆ ಮೂಲ್ಕಿ ಕಡೆ ಕಯಾಕ್‌ಗಳು ಮತ್ತೆ ಹೊಳೆಗಿಳಿಯುತ್ತವೆ. ಸಸಿಹಿತ್ಲು ಹತ್ತಿರ ನಂದಿನಿ ಹೊಳೆಯೂ ಬಂದು ಸೇರಿ, ಎರಡೂ ಒಂದೇ ಅಳಿವೆಯಲ್ಲಿ ಅರಬ್ಬಿ ಸಮುದ್ರಕ್ಕೆ ಹೋಗುತ್ತವೆ. ಆ ದಿನಗಳಲ್ಲಿ ದಡದ ಮರಗಳನ್ನು ನೋಡಿದರೆ ನೆರೆ ಎಲ್ಲಿಯವರೆಗೆ ಏರಿತ್ತು ಎಂದು ಯಾರನ್ನೂ ಕೇಳಬೇಕಾಗಿಲ್ಲ. ಹರಿದ ಪ್ಲಾಸ್ಟಿಕ್ ತೊಟ್ಟೆಗಳು ಕೊಂಬೆಕೊಂಬೆಯಲ್ಲಿ ಒಂದೇ ಮಟ್ಟಕ್ಕೆ ನೇತಾಡುತ್ತಿರುತ್ತವೆ.

ಕೆಳಗೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡದಲ್ಲಿ ಇನ್ನೂ ಹೆಚ್ಚು. ಕಾಂಡ್ಲಾದ ಕೆಲವು ಜಾತಿಗಳು ಪೆನ್ಸಿಲ್ ನೆಟ್ಟಂತೆ ಬೇರುಗಳನ್ನು ಕೆಸರಿನಿಂದ ಮೇಲಕ್ಕೆ ಚಾಚಿ ಉಸಿರಾಡುತ್ತವೆ. ಕೆಸರಿನೊಳಗೆ ಗಾಳಿ ಸಿಗದ ಕಾರಣ ಅವಕ್ಕೆ ಬೇರೆ ದಾರಿಯಿಲ್ಲ. ಆ ಬೇರುಗಳನ್ನು ತೊಟ್ಟೆ ಮುಚ್ಚಿಕೊಂಡರೆ ಗಿಡದ ಉಸಿರು ಕಟ್ಟುತ್ತದೆ. ರಸ್ತೆಯಿಂದ ಅಲ್ಲಿಗೆ ಕೈ ಎಟುಕುವುದಿಲ್ಲ. ನಡೆದು ಹೋಗುತ್ತೇನೆಂದರೆ ಕಾಲು ಹೂತುಹೋಗುತ್ತದೆ. ಮೀನುಗಾರರ ದೋಣಿಗೆ ಅಷ್ಟು ಇಕ್ಕಟ್ಟಿನಲ್ಲಿ ದಾರಿಯಿಲ್ಲ. ಗೇಣು ನೀರಿದ್ದರೂ ತೇಲುವ ಕಯಾಕ್ ಮಾತ್ರ ಒಳಗೆ ಹೋಗಿ ಬರಬಲ್ಲದು. ಹೊಳೆಗಿಳಿಯುವಾಗಲೆಲ್ಲ ನಾನು ಒಂದು ಚೀಲ ಒಯ್ಯಲು ಶುರುಮಾಡಿದ್ದು ಇದೇ ಕಾರಣಕ್ಕೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಒಂದು ಸಲಕ್ಕೆ ಒಂದೇ ಚೀಲ. ಅದು ತುಂಬಿದರೆ ಅವತ್ತಿನ ಕೆಲಸ ಮುಗಿಯಿತು. ಕಣ್ಣೆದುರು ಇನ್ನೂ ನೂರು ಬಾಟಲಿ ಬಿದ್ದಿರುವಾಗ ತಿರುಗಿ ಬರುವುದು ಕಷ್ಟ, ಹೊಟ್ಟೆ ಉರಿಯುತ್ತದೆ. ಆದರೂ ಬರಬೇಕು. ಇನ್ನೊಂದು, ಮತ್ತೊಂದು ಎಂದು ಹಟಕ್ಕೆ ಬಿದ್ದಾಗಲೇ ದೋಣಿ ಮಗುಚುವುದು.

ನೀರು ನೋಡಿ ದಿನ ಗೊತ್ತುಮಾಡಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡವೇ ಬೇಡ. ಆಮೇಲಿನ ತಿಂಗಳುಗಳಲ್ಲೂ ಉಬ್ಬರ ಇಳಿತದ ಲೆಕ್ಕ ಹಾಕದೆ ಹೊರಡಬಾರದು. ನಮ್ಮ ಕರಾವಳಿಯ ಹೊಳೆಗಳ ಕೆಳಭಾಗದಲ್ಲಿ ನೀರು ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಹೊತ್ತು ದಿನಕ್ಕೆ ಸುಮಾರು 50 ನಿಮಿಷದಂತೆ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಚೀಚೆ ಏರಿಳಿತ ಜೋರು. ಅಷ್ಟಮಿ, ನವಮಿಯ ಹೊತ್ತಿಗೆ ಮೆತ್ತಗಾಗುತ್ತದೆ. ಮೊದಲ ಸಲ ಹೋಗುವವರು ಪಂಚಾಂಗ ನೋಡಿ ಅಂಥ ಮೆತ್ತಗಿನ ದಿನವನ್ನೇ ಆರಿಸಿಕೊಳ್ಳಿ.

ಉಬ್ಬರ ಮುಗಿಯಲು ಒಂದೂವರೆ ಗಂಟೆ ಇರುವಾಗ ಹೊರಡಿ. ಏರುವ ನೀರಿನ ಜೊತೆಗೇ ಮೇಲಕ್ಕೆ ಹೋಗಿ, ನೀರು ನಿಂತ ಹೊತ್ತಿನಲ್ಲಿ ಹೆಕ್ಕುವ ಕೆಲಸ ಮಾಡಿ, ಇಳಿತ ಶುರುವಾಗುತ್ತಲೇ ತಿರುಗಿ. ಚೀಲ ತುಂಬಿ ಭಾರವಾದ ದೋಣಿಯನ್ನು ನೀರೇ ತಳ್ಳಿಕೊಂಡು ಬರುತ್ತದೆ. ಒಂದೇ ಷರತ್ತು: ನೀವು ಇಳಿಯುವ ಮತ್ತು ಹತ್ತುವ ಜಾಗ ಅಳಿವೆಯಿಂದ ಸಾಕಷ್ಟು ಮೇಲಿರಬೇಕು. ಇಳಿತದ ನೀರು ಅಳಿವೆಯ ಬಾಯಲ್ಲಿ ರಭಸದಿಂದ ಸಮುದ್ರಕ್ಕೆ ಎಳೆಯುತ್ತದೆ, ಎದುರಿಗೆ ಅಲೆ ಒಡೆಯುತ್ತಿರುತ್ತದೆ. ಹಾಗೆಯೇ ನೀರು ಪೂರ್ತಿ ಇಳಿಯುವವರೆಗೆ ಕಾಂಡ್ಲಾದೊಳಗೆ ಇರಬೇಡಿ. ನಾನೊಮ್ಮೆ ಹೊತ್ತು ಮರೆತು ಕೆಸರಿನ ಮೇಲೆ ಸಿಕ್ಕಿಕೊಂಡು, ಮುಂದಿನ ಉಬ್ಬರ ಬರುವವರೆಗೆ ಬಿಸಿಲಿನಲ್ಲಿ ಕೂತಿದ್ದೇನೆ. ಕುಡಿಯುವ ನೀರು ಖಾಲಿಯಾಗಿತ್ತು.

ದಾಂಡೇಲಿಯ ಕಾಳಿ ನದಿಯಂಥ ಕಡೆ ಲೆಕ್ಕ ಬೇರೆ. ಅಲ್ಲಿ ಅಣೆಕಟ್ಟಿನಿಂದ ನೀರು ಬಿಡುವ ಹೊತ್ತು ಯಾವುದೆಂದು ಸ್ಥಳೀಯರನ್ನು ಕೇಳಿಕೊಳ್ಳಬೇಕು. ಮೊಸಳೆಗಳೂ ಇವೆ. ಅವು ಬಿಸಿಲು ಕಾಯಿಸುವ ದಡದಲ್ಲಿ ಏನು ಬಿದ್ದಿದ್ದರೂ ಅಲ್ಲೇ ಇರಲಿ.

ಏನೇನು ಒಯ್ಯಬೇಕು

ಕಪ್ಪು ಬಣ್ಣದ ತೆಳು ಕಸದ ಚೀಲ ಈ ಕೆಲಸಕ್ಕೆ ಆಗುವುದಿಲ್ಲ. ಮುಳ್ಳು ತಾಗಿದರೆ ಹರಿಯುತ್ತದೆ, ಗಾಳಿ ಬಂದರೆ ಹಾರಿಹೋಗಿ ಅದೂ ಒಂದು ಕಸವಾಗುತ್ತದೆ, ಒಳಗೆ ನೀರು ನಿಲ್ಲುತ್ತದೆ. ಕಿರಾಣಿ ಅಂಗಡಿಯಲ್ಲಿ ಕೇಳಿದರೆ ಈರುಳ್ಳಿ ಬರುವ ಕೆಂಪು ಬಲೆಚೀಲ ಕೊಡುತ್ತಾರೆ. ಅದಕ್ಕಿಂತ ಒಳ್ಳೆಯದು ನನಗೆ ಇದುವರೆಗೆ ಸಿಕ್ಕಿಲ್ಲ. ನೀರು, ಮರಳು ಎಲ್ಲ ಸೋರಿಹೋಗಿ ಕಸ ಮಾತ್ರ ಉಳಿಯುತ್ತದೆ, ದೋಣಿಗೆ ಭಾರ ಹೆಚ್ಚುವುದಿಲ್ಲ. ಚೂಪಾದ ವಸ್ತುಗಳಿಗೆ ತಿರುಗಣೆ ಮುಚ್ಚಳವಿರುವ ಗಟ್ಟಿ ಡಬ್ಬ ಒಂದು ಬೇಕು. ಒಡೆದ ಗಾಜು, ಗಾಳ, ಬ್ಲೇಡು ಎಲ್ಲ ಅದರೊಳಗೆ ಹೋಗಲಿ.

ರಬ್ಬರ್ ಬಳಿದ ತೋಟದ ಕೈಗವಸು, ಉದ್ದದ ಇಕ್ಕಳ, ತುದಿಗೆ ಕೊಕ್ಕೆ ಇರುವ ಗಿಡ್ಡ ದೋಟಿ, ದಾರ ಕತ್ತರಿಸಲು ಒಂದು ಪೀಶಕತ್ತಿ. ಚೀಲವನ್ನು ದೋಣಿಗೆ ಕಟ್ಟಲು ಹಳೆಯ ಸೈಕಲ್ ಟ್ಯೂಬಿನ ಪಟ್ಟಿ ಸಾಕು, ಆದರೆ ಜಾರುಗಂಟು ಹಾಕಿ. ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳಬೇಕು. ಚೀಲದ ಹಗ್ಗವನ್ನು ಮೈಗಾಗಲಿ ಕೈಗಾಗಲಿ ಎಂದೂ ಸುತ್ತಿಕೊಳ್ಳಬೇಡಿ. ದೋಣಿ ಮಗುಚಿದರೆ ಆ ಹಗ್ಗವೇ ನಿಮ್ಮನ್ನು ಹಿಡಿದುಕೊಳ್ಳುತ್ತದೆ. ಲೈಫ್ ಜಾಕೆಟ್ ಹಾಕಿ ಕೊಂಡಿ ಬಿಗಿದೇ ಇಳಿಯಬೇಕು, ಈಜು ಬಂದರೂ. ಕಾಲಿಗೆ ಹವಾಯಿ ಚಪ್ಪಲಿ ಬೇಡ, ಹಿಮ್ಮಡಿ ಕಟ್ಟುವಂಥದ್ದು ಬೇಕು. ಜೊತೆಗೆ ಇನ್ನೊಂದು ಕಯಾಕ್ ಇದ್ದರೇ ಹೊರಡಿ.

ಕೈಕಾಲಿನಲ್ಲಿ ಹಸಿ ಗಾಯ ಇದ್ದ ದಿನ ಈ ಕೆಲಸ ಬಿಡಿ. ಇಲಿಜ್ವರ ಕರಾವಳಿಗೆ ಹೊಸದಲ್ಲ. ಇಲಿಯ ಮೂತ್ರ ಸೇರಿದ ನೀರು ಗಾಯಕ್ಕೆ ತಾಗಿದರೆ ಸಾಕು. ಹೊಳೆಗೆ ಹೋಗಿ ಬಂದ ಒಂದೆರಡು ವಾರದೊಳಗೆ ಜ್ವರ, ಮೀನಖಂಡದ ನೋವು ಕಾಣಿಸಿಕೊಂಡರೆ ಡಾಕ್ಟರ ಹತ್ತಿರ ಹೊಳೆಯ ವಿಷಯವನ್ನು ಬಾಯಿಬಿಟ್ಟು ಹೇಳಿ. ಧನುರ್ವಾಯುವಿನ ಇಂಜೆಕ್ಷನ್ ಆಗಿದೆಯೇ ಎಂದೂ ನೋಡಿಕೊಳ್ಳಿ.

ಕಸದ ಹತ್ತಿರ ಹೋಗುವುದು

ಇಡೀ ಕೆಲಸದಲ್ಲಿ ಅತಿ ಹೆಚ್ಚು ಎಚ್ಚರ ಬೇಕಾದದ್ದು ಇಲ್ಲಿ. ಹೊಳೆಗೆ ಅಡ್ಡ ಬಿದ್ದ ಮರದ ಕೊಂಬೆಗಳ ನಡುವೆ ಬಾಟಲಿಗಳು ರಾಶಿ ಬಿದ್ದಿರುತ್ತವೆ. ಒಂದೇ ಕಡೆ ಇಷ್ಟೊಂದು ಸಿಕ್ಕಿತಲ್ಲ ಎಂದು ಆಸೆಯಾಗುತ್ತದೆ. ಬಾಟಲಿ ಅಲ್ಲಿ ನಿಂತಿದೆ ಎಂದ ಮಾತ್ರಕ್ಕೆ ನೀರು ನಿಂತಿದೆ ಎಂದುಕೊಳ್ಳಬೇಡಿ. ಜರಡಿಯಲ್ಲಿ ಹಿಟ್ಟು ಇಳಿದು ಹೊಟ್ಟು ಉಳಿಯುವ ಹಾಗೆ ಕೊಂಬೆಗಳ ಸಂದಿಯಲ್ಲಿ ನೀರು ನುಗ್ಗಿ ಹೋಗುತ್ತಿರುತ್ತದೆ, ಕಸ ಮಾತ್ರ ಸಿಕ್ಕಿಕೊಳ್ಳುತ್ತದೆ. ನೀವು ಮೇಲಿನಿಂದ ಹೋದರೆ ನೀವೂ ದೋಣಿಯೂ ಹಾಗೆಯೇ ಸಿಕ್ಕಿಕೊಳ್ಳುತ್ತೀರಿ, ನೀರು ಒತ್ತುತ್ತಲೇ ಇರುತ್ತದೆ. ಹರಿವು ಕಣ್ಣಿಗೆ ಕಾಣುವಷ್ಟಿದ್ದರೆ ಆ ಮರದ ತಂಟೆಗೇ ಹೋಗಬೇಡಿ. ನೀರು ಬಹುತೇಕ ನಿಂತಂತಿರುವ ಹೊತ್ತಿನಲ್ಲಿ, ಕೆಳಗಿನ ಬದಿಯಿಂದ, ದೋಣಿಯ ಮೂತಿಯನ್ನು ಹರಿವಿನ ಎದುರಿಗೆ ಇಟ್ಟುಕೊಂಡು ಹೋಗಿ. ಆಗ ಕೈ ತಪ್ಪಿದರೂ ನೀರು ನಿಮ್ಮನ್ನು ಮರದಿಂದ ದೂರಕ್ಕೇ ಒಯ್ಯುತ್ತದೆ.

ಕಿಂಡಿ ಅಣೆಕಟ್ಟುಗಳದ್ದೂ ಇದೇ ಕಥೆ. ಹಲಗೆ ಹಾಕಿದ ಮೇಲೆ ಅದರ ಮೇಲ್ಬದಿಯಲ್ಲಿ ತೆಂಗಿನ ಗರಿ, ಥರ್ಮೋಕೋಲ್, ಬಾಟಲಿ ಎಲ್ಲ ಬಂದು ನಿಲ್ಲುತ್ತವೆ. ಅದು ದಡದಿಂದ ದೋಟಿ ಹಾಕಿ ಎಳೆಯಬೇಕಾದ ಕಸ. ಕಿಂಡಿಯ ಮೇಲ್ಬದಿಗೂ ಬೇಡ, ನೀರು ಬಿದ್ದು ಸುತ್ತಿ ತಿರುಗುವ ಕೆಳಬದಿಗೂ ಕಯಾಕ್ ತರಬೇಡಿ.

ಗೂಟ ನೆಟ್ಟು ಕಟ್ಟಿದ ಬಲೆ, ಬೆಂಡು ತೇಲುತ್ತಿರುವ ಬಲೆ ಯಾರದೋ ಅನ್ನ. ದಾರ ಹಳೆಯದಾಗಿ ಕಂಡರೂ ಕತ್ತಿ ಹಾಕಬೇಡಿ. ನಾನು ಶುರುವಿನಲ್ಲಿ ಒಂದು ತುಂಡು ಬಲೆ ಎಳೆಯುತ್ತಿದ್ದಾಗ ಆಚೆ ದೋಣಿಯಲ್ಲಿದ್ದ ಹಿರಿಯರೊಬ್ಬರು ಕೂಗಿದ್ದರು, ‘ಅದು ಬಿಡಿ ಮಾರಾಯ್ರೆ, ಅದು ನಮ್ಮದೇ. ಬೇಡದ್ದು ಬೇಕಾದರೆ ನಾನು ತೋರಿಸ್ತೇನೆ, ಬನ್ನಿ.’ ಅವರು ತೋರಿಸಿದ ಕಡೆ ಬೇರಿಗೆ ಸುತ್ತಿಕೊಂಡಿದ್ದ ನೈಲಾನ್ ಬಲೆ ಬಿಡಿಸಲು ನಮಗಿಬ್ಬರಿಗೂ ಮುಕ್ಕಾಲು ಗಂಟೆ ಹಿಡಿಯಿತು. ಅಲ್ಲಿಂದ ಮೇಲೆ ನಾನು ಯಾವ ಬಲೆಯನ್ನೂ ಕೇಳದೆ ಮುಟ್ಟಿಲ್ಲ.

ಎತ್ತುವುದು, ತುಂಬುವುದು

ಕಸವನ್ನು ನಿಮ್ಮ ಮೊಣಕಾಲಿನ ನೇರಕ್ಕೆ ಬರುವಂತೆ ದೋಣಿ ತಂದು ನಿಲ್ಲಿಸಿ. ಹಿಂದಕ್ಕೆ ತಿರುಗಿ ಎತ್ತಲು ಹೋದರೆ ತೂಕ ತಪ್ಪುತ್ತದೆ. ಹುಟ್ಟಿನ ಒಂದು ಅಲಗನ್ನು ಆಚೆ ಬದಿಯ ನೀರಿನ ಮೇಲೆ ಚಪ್ಪಟೆಯಾಗಿ ಒತ್ತಿ ಹಿಡಿದು, ತಲೆ ದೋಣಿಯ ನಡುಗೆರೆಯಿಂದ ಹೊರಗೆ ಹೋಗದಂತೆ ನೋಡಿಕೊಂಡು, ಈಚೆ ಕೈಯಿಂದ ಹೆಕ್ಕಿ. ಹಗುರ ಬಾಟಲಿಯಾದರೆ ಹುಟ್ಟಿನ ಅಲಗಿನಲ್ಲೇ ಮೊಗೆದು ತೊಡೆಯ ಮೇಲೆ ಹಾಕಿಕೊಳ್ಳಬಹುದು. ಸ್ವಲ್ಪ ರೂಢಿಯಾದರೆ ಕೈ ಒದ್ದೆಯಾಗದೆ ಎಷ್ಟೋ ಕೆಲಸ ಆಗುತ್ತದೆ.

ಚೀಲಕ್ಕೆ ಹಾಕುವ ಮೊದಲು ಪ್ರತಿ ಬಾಟಲಿಯ ನೀರು ಚೆಲ್ಲಿ. ಒಂದು ಲೀಟರ್ ಎಂದರೆ ಒಂದು ಕಿಲೋ ಭಾರ. ಮುಚ್ಚಳ ಬಿಗಿದಿರುವ ಬಾಟಲಿ ತೇಲುತ್ತದೆ, ಮುಚ್ಚಳವಿಲ್ಲದ್ದು ನೀರು ತುಂಬಿಕೊಂಡು ತಳ ಸೇರುತ್ತದೆ. ಏಕೆಂದರೆ ಆ ಪ್ಲಾಸ್ಟಿಕ್ ನೀರಿಗಿಂತ ಭಾರದ್ದು. ಮುಚ್ಚಳದ ಪ್ಲಾಸ್ಟಿಕ್ ಬೇರೆ, ಅದು ನೀರಿಗಿಂತ ಹಗುರ. ಹಾಗಾಗಿ ಬಿಡಿ ಮುಚ್ಚಳಗಳು ನೀರಿನ ಮೇಲೆ ತೇಲಿಕೊಂಡು ಸಮುದ್ರದವರೆಗೂ ಹೋಗುತ್ತವೆ. ನೀರು ಚೆಲ್ಲುವಾಗ ಒಳಗೆ ನೋಡಿ. ಹೋದ ವರ್ಷ ನಾನು ಎತ್ತಿದ ಒಂದು ಬಾಟಲಿಯ ತಳದಲ್ಲಿ ಹೆಬ್ಬೆರಳಿನ ಉಗುರಿನಷ್ಟು ಏಡಿಯೊಂದು ಕೆಸರು ಹಿಡಿದು ಕೂತಿತ್ತು. ಬಾಟಲಿ ಬಗ್ಗಿಸಿದರೆ ಬರಲಿಲ್ಲ, ಕಾಲುಗಳನ್ನು ಬದಿಗೊತ್ತಿ ಅಂಟಿಕೊಂಡಿತು. ಕಡೆಗೆ ಬಾಟಲಿಯ ಅಡಿಯನ್ನು ಕತ್ತಿಯಿಂದ ಸೀಳಿ ಬೇರಿನ ಮೇಲೆ ಹಿಡಿದಾಗ ಅಡ್ಡಡ್ಡ ಓಡಿ ಕೆಸರಿನ ತೂತಿಗೆ ಇಳಿಯಿತು. ಅವತ್ತಿನಿಂದ ನೋಡದೆ ಒಂದನ್ನೂ ಚೀಲಕ್ಕೆ ಹಾಕುವುದಿಲ್ಲ.

ಥರ್ಮೋಕೋಲನ್ನು ಜಗ್ಗಬೇಡಿ. ಪುಡಿಪುಡಿಯಾಗಿ ಸಾವಿರ ಕಾಳುಗಳಾದರೆ ಮತ್ತೆ ಹೆಕ್ಕಲಾಗದು. ಅಡಿಗೆ ಕೈಕೊಟ್ಟು ಮೆಲ್ಲಗೆ ಎತ್ತಿ. ಬೇರುಗಳಿಗೆ ಸುತ್ತಿದ ತೊಟ್ಟೆಯನ್ನು ಎಳೆದು ಕೀಳುವ ಬದಲು ಕತ್ತರಿಸಿ ತೆಗೆಯಿರಿ. ಪಕ್ಕದಲ್ಲೇ ಕಾಂಡ್ಲಾದ ಎಳೆ ಸಸಿ ಇರುತ್ತದೆ, ಬಲವಾಗಿ ಎಳೆದರೆ ಅದೂ ಕಿತ್ತು ಬರುತ್ತದೆ. ಅರ್ಧ ಹೂತ ಗೋಣಿಚೀಲವನ್ನು ಅದರ ಪಾಡಿಗೆ ಬಿಡಿ. ಚೀಲ ತುಂಬುತ್ತಾ ಬಂದಂತೆ ದೋಣಿಯ ನಡುವೆ, ತಗ್ಗಿನಲ್ಲಿ ಇಡಬೇಕು. ಮೊಣಕಾಲಿಗಿಂತ ಎತ್ತರ ಏರಬಾರದು.

ಮುಟ್ಟಬಾರದ್ದು, ಮುಟ್ಟಲು ಮನಸ್ಸು ಬಾರದ್ದು

ಬಾಯಿ ಕಟ್ಟಿದ, ವಾಸನೆ ಬರುವ ತೊಟ್ಟೆ, ಕ್ರಿಮಿನಾಶಕದ ಡಬ್ಬ, ಸಿರಿಂಜು, ಔಷಧಿಯ ರಾಶಿ ಕಂಡರೆ ಜಾಗದ ಫೋಟೊ ತೆಗೆದು ಪಂಚಾಯಿತಿಗೋ ನಗರ ಪಂಚಾಯಿತಿಗೋ ತಿಳಿಸಿ. ಒಂಟಿ ಸೂಜಿ ಮಾತ್ರ ಕಂಡರೆ ಇಕ್ಕಳದಲ್ಲಿ ಹಿಡಿದು ಡಬ್ಬಕ್ಕೆ ಹಾಕಿ.

ಡೈಪರ್‌ಗಳ ಬಗ್ಗೆ ಹೇಳಲೇಬೇಕು. ಸೇತುವೆಗಳ ಕೆಳಗೆ ಅವು ಗಂಟುಗಟ್ಟಲೆ ಸಿಗುತ್ತವೆ. ಡೈಪರ್ ಸುಟ್ಟರೆ ಮಗುವಿನ ಮೈ ಉರಿಯುತ್ತದೆ ಎಂಬ ನಂಬಿಕೆ ನಮ್ಮ ಕಡೆ ಇದೆ. ಸುಡುವ ಹಾಗಿಲ್ಲ ಎಂದು ಹೊಳೆಗೆ ಹಾಕುತ್ತಾರೆ. ಅದನ್ನು ಎಸೆದ ತಾಯಿಯ ಮೇಲೆ ನನಗೆ ಸಿಟ್ಟು ಬರುವುದಿಲ್ಲ, ಆಕೆ ಮಗುವಿನ ಚಿಂತೆಯಲ್ಲೇ ಹಾಗೆ ಮಾಡಿದ್ದು. ಕಾಗದದಲ್ಲಿ ಸುತ್ತಿ ಗುರುತು ಹಾಕಿ ಕಸದ ಗಾಡಿಗೆ ಬೇರೆಯಾಗಿ ಕೊಡಬಹುದು ಎಂದು ಮನೆಮನೆಗೆ ಹೇಳುವವರು ಬೇಕು. ನೀರು ಕುಡಿದ ಡೈಪರ್ ಭಾರವೂ ಹೌದು, ರೋಗದ ಮೂಲವೂ ಹೌದು. ಈರುಳ್ಳಿ ಚೀಲಕ್ಕೆ ಬೇಡ. ಎತ್ತುವುದಾದರೆ ಅದಕ್ಕೆಂದೇ ಮುಚ್ಚಳದ ಬಕೆಟ್ ಇಟ್ಟುಕೊಂಡು ಇನ್ನೊಂದು ದಿನ ಬನ್ನಿ.

ಗಾಜು ಒಡೆದ ದೇವರ ಪಟಗಳೂ ಸಿಗುತ್ತವೆ. ಮನೆಯಲ್ಲಿ ಇಡಲಾಗದೆ, ಕಸಕ್ಕೆ ಹಾಕಲು ಮನಸ್ಸೂ ಬಾರದೆ ಯಾರೋ ನೀರಿಗೆ ಬಿಟ್ಟದ್ದು. ನಾನು ಅವನ್ನು ಚೀಲದೊಳಗೆ ತುರುಕುವುದಿಲ್ಲ, ಮುಂದೆ ಬೇರೆಯಾಗಿ ಇಟ್ಟುಕೊಂಡು ಬರುತ್ತೇನೆ. ದಡದಲ್ಲಿ ಗಾಜು, ಚೌಕಟ್ಟು, ಕಾಗದ ಬಿಡಿಸಿ, ಕಾಗದವನ್ನು ಮನೆಯ ತೆಂಗಿನ ಬುಡದಲ್ಲಿ ಹೂಳುತ್ತೇನೆ.

ದಡಕ್ಕೆ ತಂದ ಮೇಲೆ

ದಡದಲ್ಲಿ ಬಿಟ್ಟುಹೋದ ಚೀಲ ಮುಂದಿನ ದೊಡ್ಡ ಉಬ್ಬರಕ್ಕೆ ಮತ್ತೆ ಹೊಳೆಗೆ ಹೋಗುತ್ತದೆ. ಹೊರಡುವ ಮೊದಲೇ ಅದು ಎಲ್ಲಿಗೆ ಸೇರಬೇಕೆಂದು ಮಾತಾಡಿಕೊಳ್ಳಿ. ದಕ್ಷಿಣ ಕನ್ನಡ, ಉಡುಪಿಯ ಹಲವು ಗ್ರಾಮ ಪಂಚಾಯಿತಿಗಳಲ್ಲಿ ಒಣಕಸದ ಘಟಕಗಳಿವೆ, ಉಡುಪಿ ಕಡೆ ಎಸ್‌ಎಲ್‌ಆರ್‌ಎಂ (ಘನ ಮತ್ತು ದ್ರವ ಸಂಪನ್ಮೂಲ ನಿರ್ವಹಣೆ) ಎಂದೇ ಕರೆಯುತ್ತಾರೆ. ಅಲ್ಲಿ ಕೆಲಸ ಮಾಡುವ ಹೆಂಗಸರು ಕೈಯಲ್ಲೇ ವಿಂಗಡಿಸುವವರು. ಕೆಸರು ಮೆತ್ತಿದ, ಗಾಜು ಬೆರೆತ ಚೀಲವನ್ನು ಅವರ ಮುಂದೆ ಸುರಿಯುವುದು ಅನ್ಯಾಯ. ಹೊಳೆಯ ನೀರಲ್ಲೇ ಚೀಲವನ್ನು ನಾಲ್ಕು ಸಲ ಅದ್ದಿ ಅಲ್ಲಾಡಿಸಿದರೆ ಕೆಸರು ಬಿಡುತ್ತದೆ. ಬಾಟಲಿ ಒಂದು ಕಡೆ, ತೊಟ್ಟೆ ಒಂದು ಕಡೆ, ಗಾಜಿನ ಡಬ್ಬ ಬೇರೆ. ಒಂದು ದಿನ ಬಿಸಿಲಿಗೆ ಒಣಗಿಸಿ ಕೊಡಿ.

ವಿಂಗಡಿಸುವಾಗ ಏನು ಎಷ್ಟು ಸಿಕ್ಕಿತು ಎಂದು ಬರೆದಿಡಿ. ಪ್ಲಾಸ್ಟಿಕ್ ಲೋಟ, ಚಮಚ, ಸ್ಟ್ರಾಗಳಿಗೆ ದೇಶದಲ್ಲಿ 2022ರ ಜುಲೈ 1ರಿಂದ ನಿಷೇಧವಿದೆ. ಆದರೂ ಸಿಗುತ್ತವೆ. ನೀರಿನ ಬಾಟಲಿ, ಚಿಪ್ಸ್ ಪ್ಯಾಕೆಟ್ ಆ ಪಟ್ಟಿಯಲ್ಲೇ ಇಲ್ಲ. ಆರು ತಿಂಗಳ ಲೆಕ್ಕ ಕೈಯಲ್ಲಿದ್ದರೆ ಗ್ರಾಮಸಭೆಯಲ್ಲಿ ಎದ್ದು ನಿಂತು ಮಾತಾಡಲು ಧೈರ್ಯ ಬರುತ್ತದೆ. ಯಾವ ಸೇತುವೆಯ ಕೆಳಗೆ ಹೆಚ್ಚು ಎಂದು ತೋರಿಸಿಯೇ ಅಲ್ಲಿ ಜಾಲರಿ ಕೇಳಬಹುದು.

ಕಯಾಕ್ ಬಾಡಿಗೆಗೆ ಕೊಡುವವರ ಹತ್ತಿರವೂ ಕೇಳಿ ನೋಡಿ. ಕೋಪನ್‌ಹೇಗನ್‌ನಲ್ಲಿ 2017ರಲ್ಲಿ ಶುರುವಾದ ಗ್ರೀನ್‌ಕಯಾಕ್ ಯೋಜನೆಯಲ್ಲಿ ಕಯಾಕ್ ಪುಕ್ಕಟೆ, ಬದಲಿಗೆ ಕಸ ಹೆಕ್ಕಿ ತರಬೇಕು. ಇಲ್ಲಿ ಪುಕ್ಕಟೆ ಬೇಡ, ಪ್ರತಿ ಕಯಾಕ್‌ಗೂ ಒಂದು ಬಲೆಚೀಲ ಕಟ್ಟಿಟ್ಟರೆ ಸಾಕು. ಪ್ರವಾಸಕ್ಕೆ ಬಂದವರಲ್ಲಿ ಚೀಲ ಕಂಡರೆ ಕೈ ಹಾಕುವವರು ಇದ್ದೇ ಇರುತ್ತಾರೆ.

ಮನೆಗೆ ಬಂದು ಸೋಪು ಹಾಕಿ ಮೊಣಕೈವರೆಗೆ ತೊಳೆದುಕೊಳ್ಳಿ. ಕೈಗವಸು, ಇಕ್ಕಳ, ಕತ್ತಿ ಸಿಹಿನೀರಲ್ಲಿ ತೊಳೆಯಿರಿ, ಇಲ್ಲದಿದ್ದರೆ ಇಕ್ಕಳ, ಕತ್ತಿ ಉಪ್ಪು ತಿಂದು ಒಂದು ತಿಂಗಳಲ್ಲಿ ತುಕ್ಕು ಹಿಡಿಯುತ್ತವೆ. ಈರುಳ್ಳಿ ಚೀಲವನ್ನು ಮಗುಚಿ ತೊಳೆದು, ಲೈಫ್ ಜಾಕೆಟ್ ಒಣಗುವ ಅದೇ ಹಗ್ಗದ ಮೇಲೆ, ಜಾಕೆಟ್ಟಿನ ಪಕ್ಕದಲ್ಲೇ ಹಾಕಿ. ಮುಂದಿನ ಸಲ ಜಾಕೆಟ್ ಎಳೆದುಕೊಳ್ಳುವಾಗ ಚೀಲವೂ ಕೈಗೆ ಬರುತ್ತದೆ.